ಕಥೆಯ ವಾಕ್ಯಗಳೆಲ್ಲ ಒಂದೇ ಥರ ಕೇಳಿಸಿದರೆ ಏನು ಮಾಡೋದು?

'ನನ್ನ ಕಥೆಯ ವಾಕ್ಯಗಳೆಲ್ಲ ಒಂದೇ ಥರ ಕೇಳಿಸುತ್ತವೆ, ಮಾತಿನ ಮಧ್ಯೆ ಪಾತ್ರಗಳು ಬರೀ ತಲೆಯಾಡಿಸುತ್ತವೆ, ನಿಟ್ಟುಸಿರು ಬಿಡುತ್ತವೆ' ಅಂತ ಬರೆದಿದ್ದೀರಿ. ನಾನೂ ಬಹಳ ದಿನ ಇದೇ ಕಷ್ಟದಲ್ಲಿದ್ದೆ. ನನಗೆ ದಾರಿ ಸಿಕ್ಕಿದ್ದು ಹೇಗೆ ಅಂತ ಹೇಳುತ್ತೇನೆ.

ಇಂಗ್ಲಿಷಿನಲ್ಲಿ ಕಥೆ ಬರೆಯೋದು ಕಲಿಸುವವರು 'ವಾಕ್ಯದ ಆರಂಭ ಬದಲಿಸಿ' ಅನ್ನುತ್ತಾರೆ. ಅಲ್ಲಿ ಸಾಲುಸಾಲು 'ಅವನು', 'ಅವಳು' ಎಂದೇ ಶುರುವಾಗುತ್ತೆ, ಅವರಿಗೆ ಅದು ಸರಿಯಾದ ಮಾತು. ನಾನು ಅದನ್ನೇ ನಂಬಿ ಆರಂಭಗಳನ್ನು ತಿದ್ದಿದೆ. ಕಥೆಯ ಏಕತಾನ ಹೋಗಲಿಲ್ಲ. ಒಂದು ದಿನ ಅಕ್ಕನಿಗೆ ಓದಿ ಹೇಳುತ್ತಿದ್ದಾಗ ಅವಳು ತಡೆದಳು. 'ಎಲ್ಲಾ ದನು, ದನು ಅಂತಲೇ ಮುಗಿಯುತ್ತಲ್ಲೋ?'

ಹೌದು. ನಮ್ಮ ಕ್ರಿಯಾಪದ ಬರುವುದು ಕೊನೆಗೆ. ಹಾಗಾಗಿ ಕನ್ನಡದಲ್ಲಿ ಏಕತಾನ ಕೂರುವುದು ವಾಕ್ಯದ ಬಾಲದಲ್ಲಿ. ನೋಡಿ:

'ರಮೇಶ ಚಪ್ಪಲಿ ಬಿಟ್ಟನು. ಅವನು ಒಳಗೆ ಬಂದನು. ಅವನು ಅಮ್ಮನನ್ನು ನೋಡಿದನು. ಅವನು ಗೋಡೆಗೆ ಒರಗಿ ನಿಂತನು.'

ಈಗ ಇದನ್ನೇ ಹೀಗೆ:

'ರಮೇಶ ಚಪ್ಪಲಿ ಬಿಟ್ಟು ಒಳಗೆ ಬಂದ. ಒಲೆಯ ಮೇಲೆ ಕುಕ್ಕರ್ ಸದ್ದು. ಹುರುಳಿಕಾಯಿ ಬಿಡಿಸುತ್ತಿದ್ದ ಅಮ್ಮ ತಲೆ ಎತ್ತಲಿಲ್ಲ.'

ಒಂದು ವಾಕ್ಯ 'ಬಂದ' ಎಂದು ಮುಗಿಯಿತು. ಇನ್ನೊಂದಕ್ಕೆ ಕ್ರಿಯಾಪದವೇ ಇಲ್ಲ, ಕನ್ನಡ ಅದಕ್ಕೆ ಆರಾಮಾಗಿ ಒಪ್ಪುತ್ತೆ. ಮೂರನೆಯದು 'ಇಲ್ಲ'ದಲ್ಲಿ ನಿಂತಿತು. 'ಅವನು' ಒಂದು ಸಲವೂ ಬೇಕಾಗಲಿಲ್ಲ, ಯಾಕೆಂದರೆ 'ಬಂದ', 'ಬಂದಳು' ಅಂದರೇ ಯಾರು ಅಂತ ಗೊತ್ತಾಗುತ್ತೆ. ನಿಮ್ಮ ಕಥೆಯ ಒಂದು ಪುಟ ತೆಗೆದು, ಪ್ರತಿ ವಾಕ್ಯದ ಕೊನೆಯ ಪದಕ್ಕೆ ಮಾತ್ರ ಗೆರೆ ಎಳೆಯಿರಿ. ಬರೀ ಆ ಪದಗಳನ್ನೇ ಜೋರಾಗಿ ಓದಿ. ಎಲ್ಲಿ ಕೆಟ್ಟಿದೆ ಅಂತ ಕಿವಿಯೇ ಹೇಳುತ್ತೆ.

ಇಲ್ಲಿ ಒಂದು ಎಚ್ಚರ ಬೇಕು. ಬಾಲ ತಪ್ಪಿಸೋಕೆ ಅಂತ 'ಎದ್ದು, ಮುಖ ತೊಳೆದು, ಕಾಫಿ ಕುಡಿದು, ಚೀಟಿ ಓದಿ ಹೊರಟ' ಎಂದು ಎಲ್ಲವನ್ನೂ ಒಂದೇ ದಾರಕ್ಕೆ ಪೋಣಿಸಬೇಡಿ. ನಮ್ಮ ವಾಕ್ಯದಲ್ಲಿ ಭಾರ ಬೀಳೋದು ಕೊನೆಯ ಕ್ರಿಯೆಯ ಮೇಲೆ. ಮುಂಚಿನವು ಸುಮ್ನೆ ಜಾರಿಹೋಗುತ್ತವೆ. 'ಚೀಟಿ ಓದಿ ಜೇಬಿಗೆ ಹಾಕಿಕೊಂಡ' ಅಂದರೆ ಚೀಟಿಯಲ್ಲಿ ದೊಡ್ಡದೇನಿಲ್ಲ ಅನ್ನಿಸುತ್ತೆ. 'ಚೀಟಿ ಓದಿದ. ಜೇಬಿಗೆ ಹಾಕಿಕೊಂಡ.' ಈಗ ಓದುಗರು ಆ ಚುಕ್ಕಿಯಲ್ಲಿ ನಿಲ್ಲುತ್ತಾರೆ, ಅದರಲ್ಲಿ ಏನಿತ್ತು ಅಂತ ಯೋಚಿಸುತ್ತಾರೆ. ಯಾವ ಕ್ರಿಯೆ ಮುಖ್ಯವೋ ಅದಕ್ಕೇ ಪೂರ್ಣವಿರಾಮ ಕೊಡಿ. ನನಗೆ ಅತಿ ಹೆಚ್ಚು ಉಪಯೋಗವಾದದ್ದು ಇದೊಂದೇ ವಿಷಯ.

'-ತ್ತಾ' ಬಳಸುವಾಗಲೂ ಎಚ್ಚರ ಬೇಕು. 'ಬಾಗಿಲು ತೆರೆಯುತ್ತಾ ಕುರ್ಚಿಯಲ್ಲಿ ಕೂತ' ಅಂತ ಬರೆದರೆ ಎರಡೂ ಒಟ್ಟಿಗೇ ಆದ ಹಾಗಾಯಿತು, ಅಲ್ವಾ?

ಇನ್ನು ಮಾತಿನ ನಡುವಿನ ಕ್ರಿಯೆಗಳು. ತಲೆಯಾಡಿಸುವುದು, ನಿಟ್ಟುಸಿರು, ಹುಬ್ಬು ಗಂಟಿಕ್ಕುವುದು ಯಾವ ಪಾತ್ರಕ್ಕಾದರೂ ಹೊಂದುತ್ತವೆ. ಅದಕ್ಕೇ ಅವು ಯಾರ ಬಗ್ಗೆಯೂ ಏನೂ ಹೇಳುವುದಿಲ್ಲ. ಮಾತು ಶುರುವಾಗುವ ಮೊದಲೇ ಪಾತ್ರದ ಕೈಗೆ ಒಂದು ಕೆಲಸ ಕೊಡಿ. ಆಮೇಲೆ ಆ ಕೆಲಸ ಹೇಗೆ ಬದಲಾಗುತ್ತೆ ಅಂತ ನೋಡಿ. ರಮೇಶನ ಅಮ್ಮ ಇನ್ನೂ ಹುರುಳಿಕಾಯಿ ಬಿಡಿಸುತ್ತಿದ್ದಾಳೆ:

'ಆ ಎರಡು ಗುಂಟೆ ಮಾರಿಬಿಡೋಣ ಅಂತಿದ್ದೀನಿ ಕಣಮ್ಮ.'

ಕೈ ನಿಂತಿತು. 'ಯಾರು ಹೇಳಿಕೊಟ್ರೋ ಇದನ್ನ?'

'ಯಾರೂ ಇಲ್ಲಮ್ಮ. ನಾನೇ ಯೋಚನೆ ಮಾಡಿದೆ.'

ಅರ್ಧ ಬಿಡಿಸಿದ ಹುರುಳಿಕಾಯಿಯ ಮೊರವನ್ನು ಅಮ್ಮ ಪಕ್ಕಕ್ಕೆ ಸರಿಸಿದಳು. 'ಕೈಕಾಲು ತೊಳ್ಕೊಂಡು ಬಾ. ಊಟ ಬಡಿಸ್ತೀನಿ.'

ಇಲ್ಲಿ 'ಎಂದ', 'ಎಂದಳು' ಒಂದೂ ಇಲ್ಲ. ಯಾರ ಮಾತು ಯಾವುದು ಅಂತ ಗೊಂದಲವಾಯಿತಾ? 'ಕಣಮ್ಮ' ಮಗನದು, 'ಹೇಳಿಕೊಟ್ರೋ' ಅನ್ನುವುದರಲ್ಲಿರುವ 'ಓ' ಅಮ್ಮನದು. ಕಣೇ, ಕಣ್ರೀ, ಮಾರಾಯ್ತಿ, ಯಪ್ಪಾ ಇವೆಲ್ಲ ನಮಗಿರುವ ದೊಡ್ಡ ಅನುಕೂಲ. ಯಾರು ಯಾರಿಗೆ ಹೇಳಿದರು, ಎಷ್ಟು ಸಲುಗೆ, ಯಾವ ಸೀಮೆ ಅನ್ನುವುದೆಲ್ಲ ಮಾತಿನೊಳಗೇ ಬಂದುಬಿಡುತ್ತೆ. ಹಾಗಾಗಿ ಪ್ರತಿ ಮಾತಿಗೂ ಒಂದು ಕ್ರಿಯೆ ಅಂಟಿಸಬೇಕಿಲ್ಲ. ಮೇಲಿನ ನಾಲ್ಕು ಮಾತಿಗೆ ಎರಡೇ ಸಾಕಾಯಿತು. ಅಮ್ಮ ಒಪ್ಪಲಿಲ್ಲ ಅನ್ನುವುದನ್ನು ಆ ಮೊರವೇ ಹೇಳಿತು. 'ಎಂದಳು' ಬಳಸಲೇಬಾರದು ಅಂತಲ್ಲ. ಮೂರು ಜನ ಮಾತಾಡುವಾಗ ಅದು ಬೇಕಾಗುತ್ತೆ, ಓದುಗರ ಕಣ್ಣಿಗೆ ಅದು ಚುಚ್ಚುವುದೂ ಇಲ್ಲ.

ಇಷ್ಟು ಓದಿ ಎಲ್ಲ ಕಡೆಯೂ ವಾಕ್ಯ ಬದಲಿಸುತ್ತಾ ಹೋಗಬೇಡಿ. ಒಂದೇ ಬಾಲ ಮತ್ತೆ ಮತ್ತೆ ಬರಬೇಕಾದ ಜಾಗಗಳೂ ಇವೆ. 'ಬಸ್ಸು ಬಂತು. ಅವನು ಬರಲಿಲ್ಲ. ಇನ್ನೊಂದು ಬಸ್ಸು ಬಂತು. ಅವನು ಬರಲಿಲ್ಲ.' ಕಾಯುವವಳಿಗೆ ಹೊತ್ತು ಹೋಗುವುದು ಹೀಗೇ. ಇದನ್ನು ತಿದ್ದಬೇಡಿ.