ಟೈರ್ ವಿಷಯ ಆಮೇಲೆ, ಭರತಿ (ಕಡಲಿನ ಉಬ್ಬರ) ಎಷ್ಟೊತ್ತಿಗೆ ಅಂತ ನೋಡಿದ್ರಾ?

ಹೊನ್ನಾವರದ ಕಡೆ ಜನರಿಲ್ಲದ ಕಡಲತೀರದಲ್ಲಿ ಒಬ್ಬರೇ ಬೈಕ್ ಓಡಿಸಬೇಕು, ಯಾವ ಟೈರ್ ಹಾಕಿಸಲಿ, ಎಷ್ಟು ಗಾಳಿ ಇಡಲಿ ಅಂತ ಕೇಳಿದ್ದೀರಿ. ಆರು ವರ್ಷದ ಹಿಂದೆ ನಾನೂ ಇದನ್ನೇ ಕೇಳಿಕೊಂಡು ತಿರುಗುತ್ತಿದ್ದೆ. ಸಿಕ್ಕ ಉತ್ತರಗಳೆಲ್ಲ ಸರಿಯಾಗಿಯೇ ಇದ್ದವು. ಆದರೂ ನನ್ನ ಬುಲೆಟ್ ಕಡಲಪಾಲಾಗುವುದು ಸ್ವಲ್ಪದರಲ್ಲಿ ತಪ್ಪಿತು.

ಫೆಬ್ರವರಿ ತಿಂಗಳು, ಹುಣ್ಣಿಮೆ. ಕಾಸರಕೋಡು ಟೊಂಕದಿಂದ ದಕ್ಷಿಣಕ್ಕೆ, ಅಪ್ಸರಕೊಂಡದ ಗುಡ್ಡದ ಕಡೆಗೆ ಹೊರಟೆ. ಒಂದು ಕಡೆ ಗಾಳಿಮರದ ತೋಪು, ಇನ್ನೊಂದು ಕಡೆ ಕಡಲು. ಟೈರಿನ ಗಾಳಿ 18 ಪಿಎಸ್‌ಐಗೆ ಇಳಿಸಿದ್ದೆ. ಒಣ ಮರಳಿಗೂ ಅಲೆಗೂ ನಡುವೆ ಗಟ್ಟಿಯಾದ ಒದ್ದೆ ಪಟ್ಟಿ ಇರುತ್ತದಲ್ವಾ, ಅದನ್ನು ಬಿಟ್ಟು ಕದಲಲಿಲ್ಲ. ಮುಂದಿನ ಬ್ರೇಕ್ ಮುಟ್ಟಲಿಲ್ಲ. ದಾರಿಯಲ್ಲಿ ಒಂದು ಸಣ್ಣ ಹಳ್ಳ ಕಡಲಿಗೆ ಸೇರುತ್ತಿತ್ತು. ಪಾದ ಮುಳುಗುವಷ್ಟು ನೀರು, ಸಲೀಸಾಗಿ ದಾಟಿದೆ.

ನಾನು ಎಡವಿದ್ದು ಸಮಯದ ಲೆಕ್ಕದಲ್ಲಿ. ಅದನ್ನು ಬಿಡಿಸಿ ಹೇಳುತ್ತೇನೆ, ದಯವಿಟ್ಟು ಓದಿ. ಅವತ್ತು ಪೂರ್ತಿ ಇಳಿತ ಸಂಜೆ 5ರ ಸುಮಾರಿಗೆ ಅಂತ ಫೋನಿನಲ್ಲಿ ನೋಡಿಕೊಂಡಿದ್ದೆ. ಆಗ ದಡ ಅತಿ ಅಗಲವಾಗಿರುತ್ತದೆ, ಹಾಗಾಗಿ 5ಕ್ಕೇ ಹೊರಡೋಣ ಅಂದುಕೊಂಡೆ. ಆದರೆ ಇಳಿತ ಮುಗಿದ ಗಳಿಗೆಯಿಂದಲೇ ನೀರು ವಾಪಸ್ ಬರಲು ಶುರುವಾಗುತ್ತದೆ. ಇಳಿತದಿಂದ ಭರತಿಗೆ ಆರು ಗಂಟೆ ಚಿಲ್ಲರೆ. ಆ ಆರು ಗಂಟೆಯಲ್ಲಿ ನೀರು ಒಂದೇ ಸಮ ಏರುವುದಿಲ್ಲ. ಒಟ್ಟು ಏರಿಕೆಯನ್ನು 12 ಪಾಲು ಮಾಡಿದರೆ ಮೊದಲ ಗಂಟೆಯಲ್ಲಿ ಬರುವುದು ಹೆಚ್ಚುಕಡಿಮೆ 1 ಪಾಲು. ಎರಡನೇ ಗಂಟೆಯಲ್ಲಿ 2. ಮೂರನೇ, ನಾಲ್ಕನೇ ಗಂಟೆಯಲ್ಲಿ ತಲಾ 3. ಅಂದರೆ ಮೊದಲ ಗಂಟೆ ಕೂತು ನೋಡಿದರೆ ಕಡಲು ಅಲ್ಲಾಡಿಲ್ಲ ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತು. ಗುಡ್ಡದ ಬುಡದಲ್ಲಿ ಕೂತು ಸೂರ್ಯ ಮುಳುಗುವುದನ್ನು ನೋಡಿದೆ, ಬೆಳದಿಂಗಳು ಬಂತು, ಇನ್ನೂ ಕೂತೆ. ವಾಪಸ್ ಹೊರಟಾಗ 7:15. ನೀರು ಅತಿ ಜೋರಾಗಿ ಏರುವ ಎರಡು ಗಂಟೆ ಅದೇ. ಸಾಲದ್ದಕ್ಕೆ ಹುಣ್ಣಿಮೆ. ಹುಣ್ಣಿಮೆ, ಅಮಾವಾಸ್ಯೆ ಆಸುಪಾಸಿನಲ್ಲಿ ಭರತಿ ಇನ್ನೂ ಜಾಸ್ತಿ.

ಗಟ್ಟಿ ಪಟ್ಟಿ ಮಾಯವಾಗಿತ್ತು. ಹಳ್ಳದೊಳಗೆ ಕಡಲು ನುಗ್ಗಿ ತೊಡೆಮಟ್ಟ ನೀರು. ಮೇಲಿನಿಂದ ಸುತ್ತಿ ಹೋಗೋಣ ಅಂತ ಒಣ ಮರಳಿಗೆ ಹತ್ತಿಸಿದೆ. ಹಿಂದಿನ ಚಕ್ರ ಹೂತಿತು. ಗಾಬರಿಯಲ್ಲಿ ಆಕ್ಸಿಲರೇಟರ್ ತಿರುವಿದೆ, ಚೈನ್ ಮುಳುಗುವವರೆಗೂ ಇಳಿಯಿತು. 190 ಕೆಜಿ ಗಾಡಿಯನ್ನು ಒಬ್ಬನೇ ಎತ್ತುವುದು ಎಲ್ಲಿ? ಅಲೆ ಸೈಲೆನ್ಸರ್ ಮುಟ್ಟತೊಡಗಿತು. ಹೆಡ್‌ಲೈಟ್ ನೋಡಿ ನಾಲ್ವರು ಮೀನುಗಾರರು ಬಂದು ಹಗ್ಗ ಕಟ್ಟಿ ಎಳೆದರು. ಅವರಲ್ಲಿ ಹಿರಿಯರೊಬ್ಬರು, "ತಮಾ, ಬಪ್ಪುಕೆ ಇಳಿತ ನೋಡಿದೆ, ಹೋಪುಕೆ ಭರತಿ ನೋಡ್ಲಿಲ್ಲ ಅಲ್ದಾ?" ಅಂದರು. ಬೇರಿಂಗ್, ವೈರಿಂಗ್, ಚೈನ್ ಎಲ್ಲ ಸೇರಿ 23,000 ರೂಪಾಯಿ ಖರ್ಚಾಯಿತು.

ಹಾಗಾಗಿ ಟೈರ್ ಯಾವುದಾದರೂ ಇರಲಿ. ಇಳಿತಕ್ಕೆ ಎರಡು ಗಂಟೆ ಮೊದಲೇ ಹೊರಟು, ಇಳಿತದ ಹೊತ್ತಿಗೆ ವಾಪಸ್ ತಿರುಗಿರಬೇಕು. ಇಳಿತದ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ನಿನ್ನೆಯ ಲೆಕ್ಕ ಇವತ್ತಿಗೆ ನಡೆಯುವುದಿಲ್ಲ. ಕೇರಳದ ಕಣ್ಣೂರಿನ ಮುಳಪ್ಪಿಲಂಗಾಡ್ ಕಡಲತೀರದಲ್ಲಿ ಗಾಡಿ ಓಡಿಸುವ ವಿಡಿಯೋ ನೋಡಿ ಧೈರ್ಯ ಮಾಡಬೇಡಿ. ಅಲ್ಲಿ ಮರಳೇ ಗಟ್ಟಿ, ಅಲೆಯ ಹೊಡೆತ ತಡೆಯಲು ಕಪ್ಪು ಬಂಡೆಗಳಿವೆ. ಇನ್ನು ಒಬ್ಬರೇ ಹೋಗುವುದಂತೂ ಬೇಡವೇ ಬೇಡ.

ನನ್ನನ್ನು ಕೇಳಿದರೆ ಬೈಕನ್ನೇ ಮರಳಿಗೆ ಇಳಿಸಬೇಡಿ. ಮರುದಿನ ಬೆಳಿಗ್ಗೆ ಕಳೆದುಹೋದ ಕನ್ನಡಕ ಹುಡುಕಲು ಅಲ್ಲಿಗೆ ನಡೆದು ಹೋಗಿದ್ದೆ. ಒಣ ಮರಳಿನಲ್ಲಿ ಕಡಲಾಮೆಯ ಗೂಡಿಗೆ ಬಲೆಯ ಬೇಲಿ ಹಾಕಿದ್ದರು. ನನ್ನ ಚಕ್ರದ ಗುರುತು ಅದರಿಂದ ನಾಲ್ಕು ಅಡಿ ದೂರ. ಬೇಲಿ ಹಾಕದ ಗೂಡು ಇನ್ನೆಷ್ಟಿದ್ದವೋ. ಆಲಿವ್ ರಿಡ್ಲಿ ಆಮೆ ಒಂದು ಗೂಡಿನಲ್ಲಿ ನೂರರ ಆಸುಪಾಸು ಮೊಟ್ಟೆ ಇಡುತ್ತದೆ, ಮರಿಯಾಗಲು 45ರಿಂದ 60 ದಿನ ಬೇಕು. ಚಕ್ರ ಕೊರೆದ ಗುಂಡಿಗೆ ಬಿದ್ದ ಮರಿ ಹತ್ತಿ ಬರುವುದು ಕಷ್ಟ. ಭರತಿ ನಮ್ಮನ್ನು ಮೇಲಕ್ಕೆ ತಳ್ಳುವುದು ಸರಿಯಾಗಿ ಅವುಗಳ ಜಾಗಕ್ಕೇ. ಇದು ನನಗೆ ಆ 23,000ಕ್ಕಿಂತ ಜಾಸ್ತಿ ನೋವು ಕೊಟ್ಟಿದೆ.

ಬೈಕ್ ತೋಪಿನ ಈಚೆ, ರಸ್ತೆ ಬದಿಯಲ್ಲೇ ನಿಲ್ಲಿಸಿ ನಡೆದು ಹೋಗಿ. ಯಾವ ದಿನ ಹೋಗುತ್ತೀರಿ ಹೇಳಿ, ಅವತ್ತಿನ ಇಳಿತದ ಸಮಯ ನೋಡಿ ತಿಳಿಸುತ್ತೇನೆ. ನಡೆಯುವವರೂ ಆ ಹಳ್ಳ ದಾಟಲೇಬೇಕು.