ಅಮೆರಿಕದಲ್ಲಿ ಓಡದ ಸೀರಿಯಲ್‌ಗಳು ಬ್ರಿಟನ್ನಿನಲ್ಲಿ ಹಿಟ್ ಆಗಿದ್ದು ಹೇಗೆ?

ತವರಲ್ಲಿ ಅಷ್ಟಕ್ಕಷ್ಟೇ ಅನ್ನಿಸಿಕೊಂಡ ಅಮೆರಿಕನ್ ಟಿವಿ ಸೀರಿಯಲ್‌ಗಳು ಬ್ರಿಟನ್ನಿನಲ್ಲಿ ಜಾಸ್ತಿ ಜನಪ್ರಿಯವಾದದ್ದು ಉಂಟಾ, ಎರಡೂ ಕಡೆಯವರ ಅಭಿರುಚಿ ಅಷ್ಟು ಬೇರೆಯಾ ಅಂತ ಕೇಳಿದ್ದೀರಿ. ಉಂಟು, ಒಂದೆರಡಲ್ಲ. ಆದರೆ ಅಭಿರುಚಿಯ ಪಾತ್ರ ಇದರಲ್ಲಿ ಕಡಿಮೆ. ಯಾವ ಚಾನೆಲ್ ಹಾಕಿತು, ಎಷ್ಟು ಗಂಟೆಗೆ ಹಾಕಿತು, ಎಷ್ಟು ಸಲ ತಿರುಗಿಸಿ ಹಾಕಿತು ಅನ್ನೋದರಲ್ಲೇ ಮುಕ್ಕಾಲು ಉತ್ತರ ಇದೆ.

ನನಗೆ ತುಂಬಾ ಇಷ್ಟವಾದ ಉದಾಹರಣೆ 'ಫೇಮ್'. ನ್ಯೂಯಾರ್ಕಿನ ಒಂದು ಶಾಲೆಯಲ್ಲಿ ಹಾಡು, ಕುಣಿತ, ನಟನೆ ಕಲಿಯುವ ಹುಡುಗ ಹುಡುಗಿಯರ ಕತೆ. ಮೊದಲು 1980ರಲ್ಲಿ ಸಿನಿಮಾ ಬಂತು. ಅದರ ನಿರ್ದೇಶಕ ಅಲನ್ ಪಾರ್ಕರ್ ಲಂಡನ್ನಿನವರೇ. 1982ರ ಜನವರಿಯಲ್ಲಿ ಅಮೆರಿಕದ ಎನ್‌ಬಿಸಿ ಚಾನೆಲ್ ಅದರ ಸೀರಿಯಲ್ ಶುರು ಮಾಡಿ, ಗುರುವಾರ ರಾತ್ರಿ ಎಂಟಕ್ಕೆ ಹಾಕಿತು. ಅದೇ ಹೊತ್ತಿಗೆ ಎದುರಾಳಿ ಚಾನೆಲ್ ಸಿಬಿಎಸ್‌ನಲ್ಲಿ 'ಮ್ಯಾಗ್ನಮ್ ಪಿ.ಐ.' ಬರುತ್ತಿತ್ತು. ಹವಾಯಿ ದ್ವೀಪ, ಕೆಂಪು ಫೆರಾರಿ, ದಪ್ಪ ಮೀಸೆಯ ಟಾಮ್ ಸೆಲೆಕ್. ಅದರೆದುರು ಈ ಮಕ್ಕಳು ನಿಲ್ಲೋದಾದರೂ ಹೇಗೆ? ಅಮೆರಿಕದ ಟಿವಿ ಪ್ರಶಸ್ತಿಗಳಾದ ಎಮ್ಮಿಗಳು ಬಂದವು, ರೇಟಿಂಗ್ ಮಾತ್ರ ಬರಲಿಲ್ಲ. ಎರಡು ಸೀಸನ್ ಮುಗಿದ ಮೇಲೆ, 1983ರಲ್ಲಿ, ಎನ್‌ಬಿಸಿ ಅದನ್ನು ಕೈಬಿಟ್ಟಿತು.

ಈಗ ಬ್ರಿಟನ್ನಿಗೆ ಬನ್ನಿ. 1982ರ ಬೇಸಿಗೆಯಲ್ಲಿ ಬಿಬಿಸಿ ಒನ್ ಅದನ್ನು ಅಲ್ಲೂ ಗುರುವಾರವೇ ಹಾಕಿತು. ಆದರೆ 'ಟಾಪ್ ಆಫ್ ದ ಪಾಪ್ಸ್' ಮುಗಿದ ಕೂಡಲೇ. ಅದು ವಾರದ ಹಿಟ್ ಹಾಡುಗಳ ಕಾರ್ಯಕ್ರಮ, ದೇಶದ ಹದಿಹರೆಯದವರೆಲ್ಲ ಟಿವಿ ಮುಂದೆ ಕೂರುತ್ತಿದ್ದ ಹೊತ್ತು. ಆಗ ಅಲ್ಲಿ ಇದ್ದದ್ದೇ ಮೂರು ಚಾನೆಲ್, ಚಾನೆಲ್ 4 ಬಂದದ್ದು ಆ ವರ್ಷದ ನವೆಂಬರಿನಲ್ಲಿ. ಬಸ್‌ಸ್ಟಾಂಡ್ ಎದುರಿನ ಹೋಟೆಲಿಗೆ ಗಿರಾಕಿ ತಾನಾಗಿ ಬರುತ್ತಾರಲ್ಲ, ಹಾಗೆ ಹಾಡು ನೋಡಲು ಕೂತ ಮಕ್ಕಳೆಲ್ಲ ಫೇಮ್‌ಗೂ ಕೂತರು. ಅದರಲ್ಲೂ ವಾರ ವಾರ ಹಾಡು, ಕುಣಿತ ಇತ್ತು. ಡೆಬ್ಬಿ ಆಲನ್ ಮಾಡಿದ ಡಾನ್ಸ್ ಟೀಚರ್ ಕೈಯಲ್ಲಿ ಕೋಲು ಹಿಡಿದು, ಹೆಸರು ಬೇಕಾದರೆ ಬೆವರು ಸುರಿಸಬೇಕು ಅಂತ ಮಕ್ಕಳಿಗೆ ಹೇಳುವ ಶುರುವಿನ ದೃಶ್ಯ ಒಂದು ತಲೆಮಾರಿಗೇ ಬಾಯಿಪಾಠವಾಯಿತು.

ಆಮೇಲೆ ಆದದ್ದು ಇನ್ನೂ ದೊಡ್ಡದು. ಐರೀನ್ ಕಾರಾ ಸಿನಿಮಾಕ್ಕೆ ಹಾಡಿದ 'ಫೇಮ್' ಹಾಡು ಎರಡು ವರ್ಷ ಹಳೆಯದು. ಅದು 1982ರ ಜುಲೈನಲ್ಲಿ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂತು. ಸೀರಿಯಲ್‌ನ ಹಾಡುಗಳ ರೆಕಾರ್ಡ್ 'ದ ಕಿಡ್ಸ್ ಫ್ರಮ್ ಫೇಮ್' ಅಲ್ಬಮ್ ಪಟ್ಟಿಯ ತುದಿಗೇರಿ ವಾರಗಟ್ಟಲೆ ಅಲ್ಲೇ ಇತ್ತು. 'ಹೈ ಫಿಡೆಲಿಟಿ', 'ಸ್ಟಾರ್‌ಮೇಕರ್' ಎರಡೂ ಮೊದಲ ಐದರೊಳಗೆ ಬಂದವು. ಅಮೆರಿಕದಲ್ಲಿ ಅದೇ ಅಲ್ಬಮ್ ಪಟ್ಟಿಯ ತಳದಿಂದ ಮೇಲೇಳಲೇ ಇಲ್ಲ. ತಮ್ಮ ಊರಲ್ಲಿ ಸೀರಿಯಲ್ ಉಳಿಯುತ್ತೋ ಇಲ್ಲವೋ ಅಂತ ಕಾಯುತ್ತಿದ್ದ ಹುಡುಗರು ಬ್ರಿಟನ್ನಿಗೆ ಬಂದು ತುಂಬಿದ ಸಭಾಂಗಣಗಳಲ್ಲಿ ಹಾಡಿ ಕುಣಿದರು. ಎನ್‌ಬಿಸಿ ಬಿಟ್ಟರೂ ನಿರ್ಮಾಪಕರು ಅಮೆರಿಕದ ಸ್ಥಳೀಯ ಸ್ಟೇಷನ್‌ಗಳಿಗೆ ನೇರವಾಗಿ ಮಾರಿಕೊಂಡು 1987ರವರೆಗೆ ಸೀರಿಯಲ್ ನಡೆಸಿದರು. ಹೊರದೇಶಗಳ ಬೇಡಿಕೆ ಇರದಿದ್ದರೆ ಅದು ಅಷ್ಟು ವರ್ಷ ಬಾಳುತ್ತಿರಲಿಲ್ಲ ಅನ್ನೋದು ನನ್ನ ನಂಬಿಕೆ.

ಎರಡನೇ ಕಾರಣ ಮರುಪ್ರಸಾರದ್ದು. ಇದನ್ನು ಯಾರೂ ಸರಿಯಾಗಿ ಗಮನಿಸುವುದಿಲ್ಲ. ಅಮೆರಿಕದಲ್ಲಿ ಹಳೆಯ ಸೀರಿಯಲ್ ಸ್ಥಳೀಯ ಸ್ಟೇಷನ್‌ಗಳಿಗೆ ಮಾರಾಟವಾಗಬೇಕಾದರೆ ಸುಮಾರು 100 ಎಪಿಸೋಡ್ ಇರಬೇಕು ಅನ್ನುವ ರೂಢಿ ಇತ್ತು. ಸೋಮವಾರದಿಂದ ಶುಕ್ರವಾರದವರೆಗೆ ದಿನಾ ಒಂದು ಹಾಕುವಾಗ ಸರಕು ಬೇಕಲ್ಲ. ಒಂದೇ ಸೀಸನ್‌ಗೆ ನಿಂತುಹೋದದ್ದು ಹೆಚ್ಚಿನ ಪಾಲು ಡಬ್ಬ ಸೇರುತ್ತಿತ್ತು. ಬ್ರಿಟನ್ನಿನಲ್ಲಿ ಈ ತಕರಾರೇ ಇಲ್ಲ. ಅವರ ಅಚ್ಚುಮೆಚ್ಚಿನ 'ಫಾಲ್ಟಿ ಟವರ್ಸ್' ಇರೋದೇ ಒಟ್ಟು 12 ಎಪಿಸೋಡ್! ಬಿಬಿಸಿಗೆ ಜಾಹೀರಾತಿನ ಚಿಂತೆಯೂ ಇಲ್ಲ, ನಡೆಯೋದು ಟಿವಿ ನೋಡುವ ಮನೆಯವರು ಕಟ್ಟುವ ಲೈಸೆನ್ಸ್ ಫೀಸಿನಿಂದ. ಚಿಕ್ಕದಾದರೂ ಸರಿ, ಒಳ್ಳೆಯದಾದರೆ ಹಾಕು, ಮತ್ತೆ ಹಾಕು.

'ಚಾಂಪಿಯನ್' ಅನ್ನುವ ಕುದುರೆಯ ಕತೆ ಹಾಗೆ ಉಳಿದದ್ದು. ಒಬ್ಬ ಹುಡುಗ, ಒಂದು ನಾಯಿ, ಹುಡುಗನನ್ನು ಬಿಟ್ಟರೆ ಬೇರೆಯವರನ್ನು ಹತ್ತಿರ ಬಿಟ್ಟುಕೊಳ್ಳದ ಕಾಡು ಕುದುರೆ. ಸಿಬಿಎಸ್ 1955-56ರಲ್ಲಿ 26 ಎಪಿಸೋಡ್ ಹಾಕಿ ನಿಲ್ಲಿಸಿತು. ಎದುರಿಗೆ ಎಬಿಸಿಯಲ್ಲಿ 'ರಿನ್ ಟಿನ್ ಟಿನ್' ನಾಯಿ ಇತ್ತು. ಅದೇ 26 ಎಪಿಸೋಡನ್ನು ಬಿಬಿಸಿ ಶನಿವಾರ ಬೆಳಗ್ಗೆ, ಶಾಲೆಗೆ ರಜೆ ಇದ್ದಾಗ, ದಶಕಗಟ್ಟಲೆ ಹಾಕಿತು. ಇಂಗ್ಲೆಂಡಿನಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ, ಅರವತ್ತರ ಆಸುಪಾಸಿನ ಒಬ್ಬರಿಗೆ ಆ ಕುದುರೆಯ ಹೆಸರು ಹೇಳಿದರೆ ಸಾಕು, ಟೈಟಲ್ ಹಾಡನ್ನು ಪೂರ್ತಿ ಹಾಡಿ ಮುಗಿಸುತ್ತಿದ್ದರು. ಅವರ ವಯಸ್ಸಿನ ಅಮೆರಿಕನ್ನರನ್ನು ಕೇಳಿದರೆ ಯಾವ ಕುದುರೆ ಅಂತಾರೆ.

'ಟಾಪ್ ಕ್ಯಾಟ್' ಕಾರ್ಟೂನ್ ಕೂಡ ಹಾಗೇ. ಎಬಿಸಿಯಲ್ಲಿ 1961-62ರ ಒಂದೇ ಸೀಸನ್, 30 ಎಪಿಸೋಡ್. ಬ್ರಿಟನ್ನಿನಲ್ಲಿ ಅದೇ ಹೆಸರಿನ ಬೆಕ್ಕಿನ ಆಹಾರ ಮಾರುಕಟ್ಟೆಯಲ್ಲಿತ್ತು, ಬಿಬಿಸಿಯಲ್ಲಿ ಜಾಹೀರಾತು ಕೂಡದು. ಅದಕ್ಕೇ 'ಬಾಸ್ ಕ್ಯಾಟ್' ಅಂತ ಹೆಸರು ಬದಲಿಸಿ, ಶುರುವಿನ ಟೈಟಲ್ ಕತ್ತರಿಸಿ ಹೊಸ ಕಾರ್ಡ್ ಅಂಟಿಸಿದರು. ಹಾಡಿನಲ್ಲಿ ಮಾತ್ರ ಹಳೆಯ ಹೆಸರೇ ಕೇಳಿಸುತ್ತಿತ್ತು. ಮಕ್ಕಳು ಅದನ್ನೆಲ್ಲ ತಲೆಗೆ ಹಚ್ಚಿಕೊಳ್ಳಲಿಲ್ಲ, ವರ್ಷ ವರ್ಷ ನೋಡಿದರು.

ಕಡಲತೀರದ ಜೀವರಕ್ಷಕರ ಕತೆ 'ಬೇವಾಚ್' ಬಗ್ಗೆ ಚುಟುಕಾಗಿ ಹೇಳುತ್ತೇನೆ. ಎನ್‌ಬಿಸಿ ಒಂದು ಸೀಸನ್ ಆದಮೇಲೆ 1990ರಲ್ಲಿ ನಿಲ್ಲಿಸಿತು. ಬ್ರಿಟನ್, ಜರ್ಮನಿ ಕಡೆಯ ಬೇಡಿಕೆಯ ಬಲದಿಂದ 1991ರಲ್ಲಿ ಮತ್ತೆ ಶುರುವಾಯಿತು. ಬ್ರಿಟನ್ನಿನ ಐಟಿವಿ ಚಾನೆಲ್ ಅದನ್ನು ಶನಿವಾರ ಸಂಜೆಗೆ ಹಾಕಿತ್ತು. ಚಳಿಗಾಲದಲ್ಲಿ ಅಲ್ಲಿ ನಾಲ್ಕು ಗಂಟೆಗೇ ಕತ್ತಲೆ, ಹೊರಗೆ ಜಿಟಿಜಿಟಿ ಮಳೆ. ಅಂಥ ಹೊತ್ತಲ್ಲಿ ಕ್ಯಾಲಿಫೋರ್ನಿಯಾದ ಬಿಸಿಲು ಯಾರಿಗೆ ಬೇಡ?

ಇದರ ತಿರುವುಮುರುವು ಕತೆಯೂ ಇದೆ. ಅಮೆರಿಕದಲ್ಲಿ 'ಸೈನ್‌ಫೆಲ್ಡ್' ಅನ್ನುವ ಹಾಸ್ಯ ಸೀರಿಯಲ್ ನಂಬರ್ ಒನ್ ಆಗಿತ್ತು. 1998ರ ಕೊನೆಯ ಎಪಿಸೋಡನ್ನು 7.6 ಕೋಟಿ ಜನ ನೋಡಿದರು. ಬಿಬಿಸಿ ಟೂ ಅದನ್ನು ತಡರಾತ್ರಿಗೆ ತಳ್ಳಿತು, ಟೈಮನ್ನೂ ಬದಲಿಸುತ್ತಲೇ ಇತ್ತು. ಹುಡುಕಿಕೊಂಡು ಹೋದವರಿಗೆ ಸಿಕ್ಕಿತು, ಉಳಿದವರಿಗೆ ಬರುತ್ತಿದ್ದದ್ದೇ ಗೊತ್ತಾಗಲಿಲ್ಲ. ಬ್ರಿಟಿಷರಿಗೆ ಆ ಹಾಸ್ಯ ಹಿಡಿಸಲಿಲ್ಲ ಅಂತ ಸುಮ್ನೆ ಹೇಳಿಬಿಡುತ್ತಾರೆ. ನಾನು ಒಪ್ಪುವುದಿಲ್ಲ.

'ದ ವೈರ್' ಹೆಸರನ್ನೂ ಇಂಥ ಪಟ್ಟಿಗಳಲ್ಲಿ ಸೇರಿಸುತ್ತಾರೆ. ಅಲ್ಲಿ ಸ್ವಲ್ಪ ಹುಷಾರಾಗಿರಬೇಕು. ಬಾಲ್ಟಿಮೋರ್ ನಗರದ ಈ ಸೀರಿಯಲ್ ಎಚ್‌ಬಿಒದಲ್ಲಿ 2002ರಿಂದ 2008ರವರೆಗೆ ಬಂತು, ಒಂದೂ ಎಮ್ಮಿ ಸಿಗಲಿಲ್ಲ. ಬ್ರಿಟನ್ನಿನ ಪತ್ರಿಕೆಗಳು ಅದನ್ನು ತಲೆ ಮೇಲೆ ಹೊತ್ತು ಮೆರೆಸಿದವು. ಮುಖ್ಯ ಪಾತ್ರಗಳಲ್ಲಿದ್ದ ಡೊಮಿನಿಕ್ ವೆಸ್ಟ್, ಇದ್ರಿಸ್ ಎಲ್ಬಾ ಇಬ್ಬರೂ ಅಲ್ಲಿಯವರು. ಆದರೆ ಬಿಬಿಸಿ ಟೂ 2009ರಲ್ಲಿ ಹಾಕಿದ್ದು ರಾತ್ರಿ ಹನ್ನೊಂದು ದಾಟಿದ ಮೇಲೆ. ಮಾತಾಡಿದವರು ಜಾಸ್ತಿ, ನೋಡಿದವರು ಕಡಿಮೆ. ಹೊಗಳಿಕೆ ಬೇರೆ, ಜನಪ್ರಿಯತೆ ಬೇರೆ, ಅಲ್ವಾ?

ನಮ್ಮಲ್ಲೂ ಇಂಥದ್ದೊಂದು ನಡೆದಿದೆ. ನಲವತ್ತು ದಾಟಿದವರನ್ನು 'ಸ್ಟ್ರೀಟ್ ಹಾಕ್' ಗೊತ್ತಾ ಅಂತ ಕೇಳಿ ನೋಡಿ. ಎಬಿಸಿ 1985ರಲ್ಲಿ 13 ಎಪಿಸೋಡ್‌ಗೆ ನಿಲ್ಲಿಸಿದ ಆ ಕಪ್ಪು ಬೈಕಿನ ಕತೆ ದೂರದರ್ಶನದಲ್ಲಿ ಬಂದಾಗ ನಮ್ಮ ಹುಡುಗರು ಸೈಕಲ್ಲನ್ನೇ ಆ ಬೈಕ್ ಅಂದುಕೊಂಡು ಓಡಿಸಿದರು. ಬೇರೆ ಚಾನೆಲ್ ಇರಲಿಲ್ಲ, ಎಲ್ಲರೂ ಅದನ್ನೇ ನೋಡಿದರು.

ನೋಡಲು ಒಂದು ಹೆಸರು ಹೇಳಿ ಅಂದರೆ ನಾನು ಹೇಳೋದು 'ದ ಫಿಲ್ ಸಿಲ್ವರ್ಸ್ ಷೋ'. ಅದರಲ್ಲಿ ಫಿಲ್ ಸಿಲ್ವರ್ಸ್ ಮಾಡಿದ ಸೇನೆಯ ಸಾರ್ಜೆಂಟ್ ಪಾತ್ರದ ಹೆಸರು ಬಿಲ್ಕೋ, ಬ್ರಿಟನ್ನಿನಲ್ಲಿ ಎಲ್ಲರೂ ಸೀರಿಯಲ್ಲನ್ನೂ ಬಿಲ್ಕೋ ಅಂತಲೇ ಕರೆಯೋದು. ಸಿಬಿಎಸ್‌ನಲ್ಲಿ 1955ರಿಂದ 59ರವರೆಗೆ ಬಂದಾಗ ಅಮೆರಿಕದಲ್ಲೂ ಚೆನ್ನಾಗಿ ಓಡಿತು, ಎಮ್ಮಿಗಳೂ ಬಂದವು. ಆಮೇಲೆ ಅವರು ಹೆಚ್ಚು ಕಡಿಮೆ ಮರೆತರು. ಬಿಬಿಸಿ ಆ ಕಪ್ಪು ಬಿಳುಪು ಎಪಿಸೋಡ್‌ಗಳನ್ನು ದಶಕಗಳ ಕಾಲ ರಾತ್ರಿ ಹೊತ್ತು ಹಾಕುತ್ತಲೇ ಇತ್ತು. 2003ರಲ್ಲಿ ರೇಡಿಯೋ ಟೈಮ್ಸ್‌ನ ಟಿವಿ ಹಾಸ್ಯದ ಕೈಪಿಡಿ ಎಲ್ಲಕ್ಕಿಂತ ಒಳ್ಳೆಯ ಸಿಟ್‌ಕಾಮ್ ಅಂತ ಆರಿಸಿದ್ದು ಇದನ್ನೇ. ಅದರಲ್ಲಿ 'ದ ಕೋರ್ಟ್ ಮಾರ್ಷಲ್' ಅನ್ನುವ ಎಪಿಸೋಡ್‌ನಿಂದ ಶುರು ಮಾಡಿ. ಸೇನೆಗೆ ಆದಷ್ಟು ಬೇಗ ಜನರನ್ನು ಸೇರಿಸಿ ದಾಖಲೆ ಮಾಡುವ ಗಡಿಬಿಡಿಯಲ್ಲಿ ಒಂದು ಚಿಂಪಾಂಜಿಯನ್ನೂ ಸೇರಿಸಿಬಿಡುತ್ತಾರೆ. ಅದನ್ನು ಹೊರಗೆ ಹಾಕಲು ಕೋರ್ಟ್ ಮಾರ್ಷಲ್ ನಡೆಸಬೇಕಾಗುತ್ತದೆ, ಅದರ ಪರ ವಕೀಲ ಬಿಲ್ಕೋ. ಚಿತ್ರೀಕರಣದ ನಡುವೆ ಆ ಚಿಂಪಾಂಜಿ ಯಾರೂ ಹೇಳಿಕೊಡದೆ ಫೋನ್ ಎತ್ತಿಕೊಂಡಿತು. ಫಿಲ್ ಸಿಲ್ವರ್ಸ್ ಒಂದು ಕ್ಷಣವೂ ತಡೆಯದೆ, ತನ್ನ ಕಕ್ಷಿದಾರ ಬೇರೆ ವಕೀಲರಿಗೆ ಫೋನ್ ಮಾಡುತ್ತಿದ್ದಾನೆ ಅಂತ ಜಡ್ಜ್‌ಗಳಿಗೆ ಹೇಳಿಬಿಟ್ಟರು. ಅದನ್ನು ಹಾಗೇ ಇಟ್ಟುಕೊಂಡಿದ್ದಾರೆ.