ಲದ್ದಿ ಕಳಿತು, ಹೊಟ್ಟು ಹಾಗೇ ಉಳಿಯಿತು

ಪ್ರಶ್ನೆ: ನಮ್ಮಲ್ಲಿ ಎರಡು ಕುದುರೆಗಳಿವೆ. ಲಾಯದಲ್ಲಿ ಹಾಸುವ ಮರದ ಹೊಟ್ಟನ್ನು ಲದ್ದಿ ಸಮೇತ ಬಾಚಿ ಆರು ತಿಂಗಳಿಂದ ಗುಡ್ಡೆ ಹಾಕಿದ್ದೆವು. ಅದನ್ನು ಟೊಮೆಟೊ ಗಿಡಗಳ ಬುಡಕ್ಕೆ ಬೆರೆಸಿದ ಮೇಲೆ ಕೆಳಗಿನ ಎಲೆಗಳೆಲ್ಲ ಹಳದಿಯಾಗಿವೆ. ಕುದುರೆ ಗೊಬ್ಬರ ಗಿಡಕ್ಕೆ ಆಗಲ್ವಾ?

ಉತ್ತರ: ಧಾರಾಳವಾಗಿ ಆಗುತ್ತೆ. ಸುಮ್ನೆ ಲದ್ದಿಯನ್ನು ಬೈಯಬೇಡಿ, ಕಾಟ ಕೊಟ್ಟಿರೋದು ಹೊಟ್ಟು. ಲದ್ದಿಯಲ್ಲಿ ಒಂದು ಪಾಲು ಸಾರಜನಕಕ್ಕೆ ಸುಮಾರು 20ರಿಂದ 30 ಪಾಲು ಇಂಗಾಲ ಇರುತ್ತದೆ, ಕಳಿಯೋದಕ್ಕೆ ಇದು ಒಳ್ಳೆ ಹದ. ಮರದ ಹೊಟ್ಟಿನಲ್ಲಾದರೆ ಇಂಗಾಲ 200 ಪಾಲಿಗೂ ಜಾಸ್ತಿ. ಅದನ್ನು ಕರಗಿಸುವ ಸೂಕ್ಷ್ಮಜೀವಿಗಳಿಗೆ ಸಾರಜನಕ ಬೇಕೇ ಬೇಕು, ಅರ್ಧಂಬರ್ಧ ಕಳಿತ ಹೊಟ್ಟನ್ನು ಮಣ್ಣಿಗೆ ಬೆರೆಸಿದರೆ ಅವು ಅಲ್ಲಿರೋದನ್ನೇ ಎಳೆದುಕೊಳ್ಳುತ್ತವೆ, ಗಿಡಕ್ಕೆ ಉಪವಾಸ. ಕೆಳಗಿನ ಎಲೆ ಮೊದಲು ಹಳದಿಯಾಗೋದು ಅದರ ಗುರುತೇ. ಸದ್ಯಕ್ಕೆ ಚೆನ್ನಾಗಿ ಕಳಿತ ಬೇರೆ ಗೊಬ್ಬರ ಕೊಡಿ, ಗಿಡ ಚೇತರಿಸಿಕೊಳ್ಳುತ್ತದೆ.

ಉಳಿದ ಗುಡ್ಡೆಯನ್ನು ಬಿಚ್ಚಿ ಮತ್ತೆ ಕಟ್ಟಿ. ಹಸಿ ಹುಲ್ಲು, ತರಕಾರಿ ಸಿಪ್ಪೆ, ಬರೀ ಲದ್ದಿ ಎಷ್ಟು ಸಿಕ್ಕರೆ ಅಷ್ಟು ಸೇರಿಸಿ. ಉದ್ದ, ಅಗಲ, ಎತ್ತರ ಒಂದೊಂದು ಮೀಟರ್ ಆದರೂ ಇರಲಿ, ಚಿಕ್ಕ ಗುಡ್ಡೆಯಲ್ಲಿ ಕಾವು ನಿಲ್ಲೋದಿಲ್ಲ. ಒಣ ಹೊಟ್ಟಿನ ಮೇಲೆ ನೀರು ಸುರಿದರೆ ಒಳಗೆ ಇಳಿಯದೆ ಜಾರಿ ಹೋಗುತ್ತದೆ, ಹಾಗಾಗಿ ಪದರ ಪದರವಾಗಿ ನೆನೆಸುತ್ತಾ ಹೋಗಬೇಕು. ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿ: ಬೆರಳ ಸಂದಿಯಲ್ಲಿ ಒಂದೆರಡು ಹನಿ ಬಂದರೆ ಸಾಕು, ಧಾರೆ ಇಳಿದರೆ ನೀರು ಜಾಸ್ತಿಯಾಯಿತು.

ಕೆಲವೇ ದಿನಗಳಲ್ಲಿ ಒಳಗೆ 55ರಿಂದ 65 ಡಿಗ್ರಿ ಸೆಲ್ಸಿಯಸ್ ಕಾವು ಏರಬೇಕು. ಕಾವು ಇಳಿದಾಗಲೆಲ್ಲ ಹೊರಗಿನದು ಒಳಗೆ ಹೋಗುವಂತೆ ಮಗುಚಿ. ಬೇಜಾರಿನ ಕೆಲಸ, ಆದರೆ ತಪ್ಪಿಸುವ ಹಾಗಿಲ್ಲ: ಕುದುರೆ ತಿಂದ ಕಳೆ ಬೀಜ ಎಷ್ಟೋ ಸಲ ಹಾಗೇ ಹೊರಬರುತ್ತದೆ, ಈ ಕಾವು ತಾಗದಿದ್ದರೆ ಕಳೆಯನ್ನು ನೀವೇ ಬಿತ್ತಿದಂತೆ. ಅಮೋನಿಯಾ ಘಾಟು ಹೊಡೆದರೆ ಮಾತ್ರ ಸ್ವಲ್ಪ ಒಣ ಹೊಟ್ಟು ಬೆರೆಸಿ. ಲದ್ದಿ ಉಂಡೆ ಗುರುತು ಸಿಗದೆ, ಕಪ್ಪಗೆ ಮಣ್ಣಿನ ವಾಸನೆ ಬಂದು, ಮಗುಚಿದರೂ ಮತ್ತೆ ಬಿಸಿಯಾಗದಿದ್ದರೆ ಗೊಬ್ಬರ ಸಿದ್ಧ.

ಇನ್ನೊಂದು ವಿಷಯ, ಕುದುರೆ ತಿಂದ ಹುಲ್ಲಿಗೆ ಕಳೆನಾಶಕ ಹೊಡೆದಿದ್ದರಾ ಅಂತ ಕೇಳಿಕೊಳ್ಳಿ. ಅಮಿನೋಪೈರಾಲಿಡ್, ಕ್ಲೋಪೈರಾಲಿಡ್ ಥರದವು ಲದ್ದಿಯಲ್ಲೂ, ಕಳಿತ ಗೊಬ್ಬರದಲ್ಲೂ ಉಳಿದುಬಿಡುತ್ತವೆ. ಅನುಮಾನ ಇದ್ದರೆ ಗೊಬ್ಬರ ಬೆರೆಸಿದ ಮಣ್ಣಿನ ಕುಂಡದಲ್ಲಿ ನಾಲ್ಕು ಹುರುಳಿಕಾಯಿ ಬೀಜ ಹಾಕಿ ನೋಡಿ, ಎಳೆ ಎಲೆ ಸುರುಳಿ ಸುತ್ತಿಕೊಂಡು ಬಂದರೆ ಆ ಗೊಬ್ಬರವನ್ನು ತರಕಾರಿ ಹತ್ತಿರ ತರಬೇಡಿ.